ಹೆಚ್ಚು ಭಾರ ಎತ್ತಿದ ದಿನ ಎದೆಬಡಿತ, ಸಿಡಿಮಿಡಿ: ಕಾರಣವೇನು?

ಪ್ರಶ್ನೆ (ಕಲಬುರಗಿ)

ನನಗೆ 46 ವರ್ಷ, ಬಿ.ಪಿ.ಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಸಂಜೆ ಜಿಮ್‌ನಲ್ಲಿ ಮಧ್ಯಮ ಭಾರ ಎತ್ತಿದ ದಿನ ಮನಸ್ಸು ಹಗುರವಾಗಿರುತ್ತದೆ. ಆದರೆ ತರಬೇತುದಾರರ ಮಾತಿನಂತೆ ಲೆಗ್ ಪ್ರೆಸ್‌ನಲ್ಲಿ (ಕಾಲಿನಿಂದ ಭಾರ ತಳ್ಳುವ ಯಂತ್ರ) ಗರಿಷ್ಠ ಭಾರ ಹಾಕಿದ ದಿನ ಎದೆ ಡವಡವ ಎನ್ನುತ್ತದೆ, ಮನೆಗೆ ಬಂದ ಮೇಲೂ ಒಂದು ತಾಸು ಮಕ್ಕಳ ಮೇಲೆ ಸಿಡುಕುತ್ತೇನೆ. ಭಾರ ಏರಿಸಿದಷ್ಟೂ ಒಳ್ಳೆಯದು ಎಂಬ ಮಾತು ಹೃದಯಕ್ಕೂ ಮನಸ್ಸಿಗೂ ಒಪ್ಪುತ್ತದೆಯೇ?

ಉತ್ತರ 1 (ಫಿಸಿಯೋಥೆರಪಿಸ್ಟ್, ಬೀದರ್)

ಒಪ್ಪುವುದಿಲ್ಲ ಸರ್. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ಹಿಸುಕುತ್ತದೆ. ಅದರ ಮೇಲೆ ಉಸಿರನ್ನೂ ಬಿಗಿಹಿಡಿದರೆ ಎದೆಗೂಡಿನ ಒತ್ತಡವೂ ಸೇರಿಕೊಂಡು ಬಿ.ಪಿ. ಕ್ಷಣಾರ್ಧದಲ್ಲಿ ಜಿಗಿಯುತ್ತದೆ. 1985ರಲ್ಲಿ ಕೆನಡಾದ ಸಂಶೋಧಕರು ಐವರು ದೇಹದಾರ್ಢ್ಯ ಪಟುಗಳ ತೋಳಿನ ಧಮನಿಯೊಳಗೇ ನಳಿಕೆ ಇಟ್ಟು ಅಳೆದಾಗ, ಎರಡೂ ಕಾಲಿನ ಲೆಗ್ ಪ್ರೆಸ್‌ನಲ್ಲಿ ಸರಾಸರಿ 320/250 ಬಂದಿತ್ತು, ಒಬ್ಬರದು 480/350 ದಾಟಿತ್ತು. ಸೆಟ್ ಮುಗಿದ ಕೆಲವೇ ಸೆಕೆಂಡುಗಳಲ್ಲಿ ಇದು ಇಳಿದುಬಿಡುವುದರಿಂದ, ಆಮೇಲೆ ತೋಳಿಗೆ ಪಟ್ಟಿ ಸುತ್ತಿ ನೋಡಿ "ಎಲ್ಲವೂ ಸರಿಯಿದೆ" ಎಂದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಮನಸ್ಸಿನ ವಿಷಯವೂ ಹೀಗೆಯೇ. ಹಗುರದಿಂದ ಮಧ್ಯಮ ಭಾರದ ವ್ಯಾಯಾಮದ ನಂತರ ಆತಂಕ ತಗ್ಗುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ತೀರಾ ಭಾರವಾದಾಗ ಅದು ಹಾಗೆಯೇ ಉಳಿಯಬಹುದು ಅಥವಾ ಸ್ವಲ್ಪ ಹೊತ್ತು ಏರಲೂಬಹುದು. 33 ಪ್ರಯೋಗಗಳನ್ನು, 1,877 ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆಯಾಗಿದ್ದವು, ಆದರೆ ಶಕ್ತಿ ಎಷ್ಟು ಹೆಚ್ಚಿತು ಎಂಬುದಕ್ಕೂ ಆ ಲಾಭಕ್ಕೂ ಗಣನೀಯ ಸಂಬಂಧ ಕಾಣಲಿಲ್ಲ. ನಿಮ್ಮ ತರಬೇತುದಾರರಿಗೆ ಇದೊಂದನ್ನು ತಿಳಿಸಿದರೂ ಸಾಕು.

ವೈದ್ಯರ ಒಪ್ಪಿಗೆ ಪಡೆದು, ಒಮ್ಮೆ ಮಾತ್ರ ಎತ್ತಬಲ್ಲ ಭಾರದ ಶೇ. 50ರ ಆಸುಪಾಸಿನಲ್ಲಿ ಕಾಲಿನ ವ್ಯಾಯಾಮ ಆರಂಭಿಸಿ, ತೋಳಿಗೆ ಇನ್ನೂ ಕಡಿಮೆ ಇರಲಿ. ತಳ್ಳುವಾಗ ಉಸಿರು ಬಿಡಿ. ನಿಮ್ಮ ಮಾತ್ರೆ ಬೀಟಾ ಬ್ಲಾಕರ್ (ಎದೆಬಡಿತವನ್ನು ನಿಧಾನಗೊಳಿಸುವ ಬಗೆಯದು) ಆಗಿದ್ದರೆ ನಾಡಿಯ ಎಣಿಕೆಯನ್ನು ನೆಚ್ಚಬೇಡಿ, ಅದು ಶ್ರಮವನ್ನು ಕಡಿಮೆ ಮಾಡಿ ತೋರಿಸುತ್ತದೆ.

ಉತ್ತರ 2 (ತಾಲೀಮಿನವರು, ಯಾದಗಿರಿ)

ಒಂದು ಮಾತು ಸೇರಿಸುತ್ತೇನೆ. ಭಾರ ಇಳಿಸಿದ ಮಾತ್ರಕ್ಕೆ ಸಾಲದು. ಹಗುರ ಡಂಬೆಲ್ಲನ್ನೇ ಕೈ ಸೋಲುವವರೆಗೆ ಎತ್ತಿದರೂ ಕೊನೆಯ ಎಣಿಕೆಗಳಲ್ಲಿ ಬಿ.ಪಿ. ಏರುತ್ತದೆ. ಇನ್ನೂ ಎರಡು ಮೂರು ಎತ್ತಬಹುದು ಎನ್ನಿಸುವಾಗಲೇ ನಿಲ್ಲಿಸಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ನಮ್ಮಲ್ಲಿ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ. ವ್ಯಾಯಾಮ ಮುಗಿಸಿ ಬೆಂಚಿನಿಂದ ಎದ್ದಾಗ ಕಣ್ಣು ಕತ್ತಲೆ ಬರುವುದೂ ಇದಕ್ಕೇ ಸಂಬಂಧಿಸಿದ್ದೇ?

ಉತ್ತರ 1

ಅದು ತದ್ವಿರುದ್ಧ. ವ್ಯಾಯಾಮದ ನಂತರ ಕೆಲವು ತಾಸು ಬಿ.ಪಿ. ಸಾಮಾನ್ಯಕ್ಕಿಂತ ಕೆಳಗಿರುವುದುಂಟು, ಸೆಕೆ, ಬೆವರು, ಮಾತ್ರೆ ಮೂರೂ ಕೂಡಿದರೆ ಇನ್ನಷ್ಟು ಇಳಿಯುತ್ತದೆ. ತಕ್ಷಣ ನಿಲ್ಲಿಸದೆ ಐದು ನಿಮಿಷ ನಿಧಾನವಾಗಿ ನಡೆದಾಡಿ, ನೀರು ಕುಡಿಯಿರಿ, ಮತ್ತೆ ಮತ್ತೆ ಹೀಗಾದರೆ ಮಾತ್ರೆಯ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಿ. ಎದೆನೋವು ಕಾಣಿಸಿಕೊಂಡರೆ ಮಾತ್ರ ಇಲ್ಲಿ ಬರೆಯುತ್ತ ಕೂಡಬೇಡಿ, ನೇರವಾಗಿ ಆಸ್ಪತ್ರೆಗೆ ಹೋಗಿ.