ಊರಿನ ಮನೆಗೆ ವೈಫೈ ಕ್ಯಾಮೆರಾ: ಹಾಕಿಸಿದವರು ಸ್ವಲ್ಪ ಹೇಳಿ

ಅಪ್ಪ, ಅಮ್ಮ ಇಬ್ಬರೇ ಶಿವಮೊಗ್ಗದಲ್ಲಿದ್ದಾರೆ, ನಾನು ಬೆಂಗಳೂರಿನಲ್ಲಿ. ಗೇಟಿಗೊಂದು, ಹಾಲ್‌ಗೊಂದು ವೈಫೈ ಕ್ಯಾಮೆರಾ ಹಾಕಿಸಬೇಕು. ಯಾರಾದರೂ ಹ್ಯಾಕ್ ಮಾಡಿ ನೋಡಿಬಿಟ್ಟರೆ ಅಂತ ಹೆದರಿಕೆ. ಏನೇನು ಗಮನಿಸಬೇಕು?

ದಾವಣಗೆರೆಯಿಂದ
ನಾನು ಕ್ಯಾಮೆರಾ ಹಾಕುವ ಕೆಲಸದವನೇ. ಹ್ಯಾಕರ್ ಚಿಂತೆ ಆಮೇಲೆ ಮಾಡಿ, ಮೊದಲು ನಮ್ಮಂಥವರ ಮೇಲೆ ಕಣ್ಣಿಡಿ! ಹಾಕಲು ಬಂದ ಹುಡುಗ ಎಷ್ಟೋ ಸಲ ತನ್ನ ಫೋನಿನಲ್ಲೇ ಆ್ಯಪ್ ತೆರೆದು, ತನ್ನ ನಂಬರಿನಲ್ಲೇ ಅಕೌಂಟ್ ಮಾಡಿ, ನಿಮಗೆ ಬರೀ ಶೇರ್ (ನೋಡುವ ಅನುಮತಿ) ಕೊಟ್ಟು ಹೋಗುತ್ತಾನೆ. ಅವನದು ಕೆಟ್ಟ ಬುದ್ಧಿ ಅಂತಲ್ಲ. ನಾಳೆ ಏನಾದರೂ ಕೆಟ್ಟರೆ ಓಡಾಟ ತಪ್ಪುತ್ತದೆ, ಅಷ್ಟೇ. ಆದರೆ ನಿಮ್ಮ ಹಾಲ್ ಅವನ ಫೋನಿನಲ್ಲಿ ಕಾಣುತ್ತಲೇ ಇರುತ್ತದೆ. ಡ್ರಿಲ್ ಹೊಡೆಯುವುದು ಅವನು ಮಾಡಲಿ, ಕ್ಯೂಆರ್ ಕೋಡ್ ಮಾತ್ರ ನಿಮ್ಮ ಫೋನಿನಲ್ಲೇ ಸ್ಕ್ಯಾನ್ ಆಗಲಿ. ಈಗಾಗಲೇ ಹಾಕಿಸಿದವರು ಅವನನ್ನೇ ಕರೆಸಿ ಅವನ ಅಕೌಂಟಿನಿಂದ ಡಿಲೀಟ್ ಮಾಡಿಸಿ. ಕೆಲವು ಕ್ಯಾಮೆರಾಗಳು ರೀಸೆಟ್ ಮಾಡಿದರೂ ಹಳೆಯ ಅಕೌಂಟನ್ನು ಬಿಡುವುದಿಲ್ಲ.

ಡಿವಿಆರ್, ಅಂದರೆ ಕ್ಯಾಮೆರಾದ ವಿಡಿಯೊ ರೆಕಾರ್ಡ್ ಮಾಡುವ ಡಬ್ಬಿ ಇದ್ದರೆ, ಅದರ ಪಾಸ್‌ವರ್ಡ್ ನೀವೇ ಬದಲಿಸಿ. ಬೀದಿಯ ಎಲ್ಲ ಮನೆಗೂ ಒಂದೇ ಪಾಸ್‌ವರ್ಡ್ ಇಡುವವರಿದ್ದಾರೆ. 2025ರಲ್ಲಿ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾ ವಿಡಿಯೊಗಳು ಹೊರಬಿದ್ದವಲ್ಲ, ಅಲ್ಲಿಯೂ ಸುಲಭದ ಪಾಸ್‌ವರ್ಡೇ ಕಾರಣ ಎಂದು ವರದಿಯಾಗಿತ್ತು.

ಮೈಸೂರಿನಿಂದ
ಮೇಲಿನವರ ಮಾತು ಸರಿ, ಆದರೆ ಹ್ಯಾಕರ್‌ನ ಅಷ್ಟು ಹಗುರವಾಗಿ ಬಿಡಬೇಡಿ. 2016ರ ಮಿರಾಯ್ ನೆನಪಿದೆಯಾ? ಫ್ಯಾಕ್ಟರಿಯಿಂದ ಬಂದ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳೊಳಗೆ ನುಗ್ಗಿದ ವೈರಸ್ ಅದು. ಅವುಗಳಿಂದಲೇ ದಾಳಿ ಮಾಡಿಸಿ ಅಕ್ಟೋಬರ್‌ನಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವನ್ನೇ ಅಮೆರಿಕದಲ್ಲಿ ಗಂಟೆಗಟ್ಟಲೆ ಮಲಗಿಸಿದರು. ಕ್ಯಾಮೆರಾ ಮಾಲೀಕರಿಗೆ ಗೊತ್ತೇ ಆಗಲಿಲ್ಲ.

ಆದ್ದರಿಂದ ರೂಟರ್ ಕಡೆಗೂ ನೋಡಿ. ಅದರ ಅಡ್ಮಿನ್ ಪಾಸ್‌ವರ್ಡ್ ಬೇರೆ, ವೈಫೈ ಪಾಸ್‌ವರ್ಡ್ ಬೇರೆ, ಎರಡನ್ನೂ ಬದಲಿಸಿ. ಯುಪಿಎನ್‌ಪಿ (ಕ್ಯಾಮೆರಾದಂಥವು ರೂಟರ್‌ನಲ್ಲಿ ತಾವೇ ಹೊರಗಿನ ದಾರಿ ತೆರೆದುಕೊಳ್ಳುವ ಸೌಲಭ್ಯ) ಆಫ್ ಮಾಡಿ, ಪೋರ್ಟ್ ಫಾರ್ವರ್ಡಿಂಗ್ (ಆ ದಾರಿಯನ್ನು ನಾವೇ ತೆರೆದಿಡುವುದು) ಬೇಡ. ಆ್ಯಪ್‌ನಲ್ಲಿ ನೋಡಲು ಸಾಮಾನ್ಯವಾಗಿ ಎರಡೂ ಬೇಕಾಗುವುದಿಲ್ಲ. ರೂಟರ್‌ನಲ್ಲಿ ಗೆಸ್ಟ್ ವೈಫೈ (ಅತಿಥಿಗಳಿಗೆಂದು ಇರುವ ಬೇರೆ ವೈಫೈ) ಇದ್ದರೆ ಕ್ಯಾಮೆರಾ, ಟಿವಿ ಎಲ್ಲ ಅದರಲ್ಲಿರಲಿ. ಹಾಗೆ ಮಾಡಿದರೆ ಅಪ್ಪನ ಫೋನ್, ಲ್ಯಾಪ್‌ಟಾಪ್ ಇರುವ ಕಡೆಗೆ ಅವು ಸುಲಭವಾಗಿ ತಲುಪುವುದಿಲ್ಲ. ಸೆಟಪ್ ಮಾಡುವಾಗ ಫೋನನ್ನೂ ಗೆಸ್ಟ್‌ಗೆ ಹಾಕಿ, ಅದೂ 2.4 ಗಿಗಾಹರ್ಟ್ಸ್‌ನಲ್ಲಿ. ಕಡಿಮೆ ಬೆಲೆಯ ಕ್ಯಾಮೆರಾಗಳು 5 ಗಿಗಾಹರ್ಟ್ಸ್ ವೈಫೈ ಹಿಡಿಯುವುದು ಅಪರೂಪ.

ಶಿರಸಿಯಿಂದ
ಹಾಲ್‌ಗೆ ಯಾಕೆ ಅಂತ ಅಮ್ಮನನ್ನು ಕೇಳಿದ್ದೀರಾ? ನಮ್ಮತ್ತೆ ಸುಮ್ನೆ ಅದರ ಮೇಲೆ ಟವೆಲ್ ಹೊದಿಸಿಬಿಟ್ಟಿದ್ದರು. ಈಗ ಜಗಲಿಗೆ ಹಾಕಿದ್ದೇವೆ, ಮೈಕ್ ಆಫ್. ಬಾಗಿಲಿಗೆ ಬಂದವರು ಕಾಣಿಸಿದರೆ ಸಾಕಲ್ವಾ?

ಕೇಳಿದವರು
ಹಾಲಿಂದು ಬಿಟ್ಟೆ ಹಾಗಾದರೆ. ಅಕೌಂಟ್ ಅಪ್ಪನ ನಂಬರಿನಲ್ಲಿ ಮಾಡಲಾ, ನನ್ನದರಲ್ಲಾ?

ದಾವಣಗೆರೆಯಿಂದ
ನಿಮ್ಮದರಲ್ಲೇ ಮಾಡಿ, ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಜೊತೆಗೆ ಓಟಿಪಿಯಂಥದ್ದನ್ನೂ ಕೇಳುವುದು) ಆನ್ ಮಾಡಿ, ಅಪ್ಪನಿಗೆ ಶೇರ್ ಕೊಡಿ. ಯಾರೋ ಫೋನ್ ಮಾಡಿ ಓಟಿಪಿ ಕೇಳಿದರೆ ಹಿರಿಯರು ಹೇಳಿಬಿಡಬಹುದು.