ಊಟ ಆದ್ಮೇಲೆ ಅಪ್ಪ ಅಮ್ಮನ ಜೊತೆ ಕೂತು ನೋಡೋ ಥರ ಸೀರೀಸ್ ಯಾವ್ದಿದೆ?

ಒಗ್ಗರಣೆ_ಡಬ್ಬಿ:
ಅಪ್ಪ ರಿಟೈರ್ ಆದ್ಮೇಲೆ ಅಮ್ಮನ್ನೂ ಕರ್ಕೊಂಡು ಶಿವಮೊಗ್ಗದಿಂದ ನಮ್ಮನೆಗೆ ಬಂದು ಎರಡು ತಿಂಗ್ಳಾಯ್ತು. ರಾತ್ರಿ ಊಟ ಆದ್ಮೇಲೆ ಏನಾದ್ರೂ ನೋಡೋಣ ಅಂತ ಎಲ್ರೂ ಕೂತ್ಕೋತೀವಿ, ರಿಮೋಟ್ ನನ್ ಕೈಲಿ, ಪೋಸ್ಟರ್ ಸರಿಸ್ತಾ ಸರಿಸ್ತಾ ಇಪ್ಪತ್ ನಿಮ್ಷ ಹೋಗತ್ತೆ, ಅಷ್ಟೊತ್ತಿಗೆ ಅಪ್ಪ ಸೋಫಾ ಮೇಲೇ ಗೊರಕೆ. ಹೋದ್ವಾರ ಫ್ಯಾಮಿಲಿ ಡ್ರಾಮಾ ಅಂತ ಬರ್ದಿದ್ದ ಒಂದನ್ನ ಹಾಕ್ದೆ, ಮೂರನೇ ನಿಮ್ಷಕ್ಕೇ ಶುರುವಾಯ್ತು ನೋಡಿ, ಅಮ್ಮ ಹಾಲಿಗೆ ಹೆಪ್ಪು ಹಾಕಿಲ್ಲ ಅಂತ ಎದ್ದು ಒಳಗೆ ಹೋದ್ಲು, ಅಪ್ಪ ಗೋಡೆ ಮೇಲಿನ ಕ್ಯಾಲೆಂಡರ್ ಓದ್ತಾ ಕೂತ್ರು, ನಾನು ರಿಮೋಟ್ ಹುಡುಕ್ತಾ ಇದೀನಿ ಅದು ನನ್ ತೊಡೆ ಕೆಳಗೇ ಇತ್ತು 😭
ಬೈಗುಳ, ರಕ್ತ ಎರಡೂ ಬೇಡ. ಎಪಿಸೋಡ್ ಅರ್ಧ ಗಂಟೆ ಆಸುಪಾಸಲ್ಲಿ ಮುಗೀಬೇಕು. ಕನ್ನಡ ಆದ್ರೆ ಒಳ್ಳೇದು. ಅಪ್ಪಂಗೆ ಹಿಂದಿ ಚೆನ್ನಾಗಿ ಬರತ್ತೆ, ಅಮ್ಮಂಗೆ ಅರ್ಧಂಬರ್ಧ, ಸಬ್‌ಟೈಟಲ್ ಓದು ಅಂದ್ರೆ ಕನ್ನಡಕ ಎಲ್ಲಿ ಅಂತ ಅದೊಂದು ಹುಡುಕಾಟ.

ಮಳೆಗಾಲದ_ಹಪ್ಪಳ:
ಕಣ್ಮುಚ್ಕೊಂಡು ಗುಲ್ಲಕ್ ಹಾಕಿ, ಸೋನಿ ಲಿವ್‌ನಲ್ಲಿದೆ. ಮಿಶ್ರಾ ಅಂತ ಒಬ್ರು, ಕರೆಂಟ್ ಆಫೀಸಲ್ಲಿ ಕೆಲ್ಸ, ಹೆಂಡ್ತಿ, ಇಬ್ರು ಗಂಡ್ಮಕ್ಳು, ಹೇಳದೆ ಕೇಳದೆ ಬಂದು ಮಾತಾಡೋ ಪಕ್ಕದ್ಮನೆ ಹೆಂಗಸು, ಅಷ್ಟೇ ಕಥೆ. ಕಥೆ ಹೇಳೋದು ಮನೇಲಿರೋ ಗೋಲಕ! 2019ರಲ್ಲಿ ಶುರುವಾಗಿದ್ದು, ಮೊದಲ ನಾಲ್ಕು ಸೀಸನ್ನಲ್ಲಿ ಒಂದೊಂದಕ್ಕೂ ಐದೇ ಎಪಿಸೋಡು. ಗೀತಾಂಜಲಿ ಕುಲಕರ್ಣಿ ಮಾಡಿರೋ ಶಾಂತಿ ಅನ್ನೋ ಅಮ್ಮನ ಪಾತ್ರ ಇದ್ಯಲ್ಲ, ಒಂದು ಕಡೆ ಬೈತಾ ಇನ್ನೊಂದು ಕಡೆ ತಟ್ಟೆಗೆ ಬಡಿಸ್ತಾ ಇರ್ತಾಳೆ, ಅದನ್ನ ನೋಡೋಕೆ ಹಿಂದಿ ಬರ್ಬೇಕು ಅಂತೇನಿಲ್ಲ.

ಸೆಕೆಂಡ್_ಶಿಫ್ಟ್:
ಎಲ್ರೂ ಪಂಚಾಯತ್ ಅಂತಾರೆ ಅಂತ ಕಾಯ್ತಿದ್ದೆ, ಇನ್ನೂ ಯಾರೂ ಹೇಳಿಲ್ಲ, ನಾನೇ ಹೇಳ್ತೀನಿ. ಪ್ರೈಮ್‌ನಲ್ಲಿದೆ, 2020ದು, ಇಂಜಿನಿಯರಿಂಗ್ ಮುಗಿಸಿದ ಹುಡುಗ 20 ಸಾವಿರ ಸಂಬಳಕ್ಕೆ ಫುಲೇರಾ ಅನ್ನೋ ಹಳ್ಳಿಗೆ ಪಂಚಾಯ್ತಿ ಸೆಕ್ರೆಟರಿಯಾಗಿ ಹೋಗ್ತಾನೆ, ಮೊದಲ ದಿನವೇ ಆಫೀಸ್ ಬೀಗದ ಕೈ ಕಳೆದುಹೋಗಿರತ್ತೆ. ಚಕ್ರ ಇರೋ ಒಂದು ಕುರ್ಚಿ ಮೇಲೇ ಒಂದು ಎಪಿಸೋಡ್ ಪೂರ್ತಿ ಎಳ್ದಿದಾರೆ ಅಂದ್ರೆ ನೋಡಿ. ಆದ್ರೆ ಬೈಗುಳ ಆಗಾಗ ಬರತ್ತೆ, ಆಮೇಲೆ ಎರಡನೇ ಸೀಸನ್ ಕೊನೇಲಿ ಅಮ್ಮ ಅತ್ರೆ ನನ್ನ ಕೇಳ್ಬೇಡಿ.

ಮಳೆಗಾಲದ_ಹಪ್ಪಳ:
ಬೈಗುಳ ಬೇಡ ಅಂತ ಮೊದ್ಲೇ ಬರ್ದಿದಾರಲ್ಲ ಮಾರಾಯ್ರೇ 😂

ತುಂಗಾ_ತೀರ:
ಶಿವಮೊಗ್ಗದೋರು ಬಂದು ಕೇಳ್ತಿದಾರೆ, ಇನ್ನೂ ಯಾರೂ ಮಾಲ್ಗುಡಿ ಡೇಸ್ ಅಂದಿಲ್ವಾ? ಶಂಕರ್‌ನಾಗ್ ಆಗುಂಬೇಲಿ ತೆಗ್ದಿದ್ದು, ದೂರದರ್ಶನದಲ್ಲಿ ಬಂದಿದ್ದು. ಸ್ವಾಮಿಯ ಅಪ್ಪನಾಗಿ ಗಿರೀಶ್ ಕಾರ್ನಾಡ್, ಸ್ವಾಮಿ ಮಾಸ್ಟರ್ ಮಂಜುನಾಥ್. ಕಥೆ ಗೊತ್ತಿದ್ರೂ ನಿಮ್ಮಪ್ಪ "ಇದು ದೊಡ್ಡಮನೆ, ಇದು ಆ ರಸ್ತೆ" ಅಂತ ಜಾಗ ಗುರ್ತಿಸ್ತಾ ಕೂತ್ಕೋತಾರೆ, ನಮ್ಮನೇಲಿ ಅದೇ ಆಗಿದ್ದು.
ಅಪ್ಪಟ ಕನ್ನಡ ಬೇಕಂದ್ರೆ ಟಿ.ಎನ್.ಸೀತಾರಾಮ್ ಅವರ ಮಾಯಾಮೃಗ, 1998ದು, ಯೂಟ್ಯೂಬಲ್ಲಿದೆ, ದುಡ್ಡೂ ಬೇಡ. ಎಚ್.ಎಸ್.ವೆಂಕಟೇಶಮೂರ್ತಿ ಬರ್ದು ಸಿ.ಅಶ್ವಥ್ ರಾಗ ಹಾಕಿದ ಟೈಟಲ್ ಸಾಂಗ್ ಕೇಳಿದ್ರೆ ಅಮ್ಮ ಅಡುಗೆಮನೆಯಿಂದ ಹೊರಗೆ ಬರ್ತಾರೆ. ಹೊಸದ್ರಲ್ಲಿ ಏಕಂ ಇದೆ, 2024ದು, ಕರಾವಳಿ ಕಡೆಯ ಏಳು ಬಿಡಿ ಕಥೆ, ಪ್ರಕಾಶ್ ರಾಜ್, ರಾಜ್ ಬಿ.ಶೆಟ್ಟಿ ಎಲ್ಲ ಮಾಡಿದಾರೆ. ಓಟಿಟಿಯವ್ರು ಯಾರೂ ತಗೊಳ್ದೆ ಕೊನೆಗೆ ತಾವೇ ವೆಬ್‌ಸೈಟ್ ಮಾಡ್ಕೊಂಡು ರಿಲೀಸ್ ಮಾಡಿದ್ರು. ಕನ್ನಡದಲ್ಲಿ ಸೀರೀಸೇ ಇಲ್ಲ ಅಂತ ಗೊಣಗೋ ನಾವು ಅಲ್ಲಿಗೆ ಎಷ್ಟ್ ಜನ ಹೋದ್ವೋ, ಹೋಗ್ಲಿ ಬಿಡಿ.

ಕೇಬಲ್_ಕಾಲ:
ಹೆಸರುಗಳಾಯ್ತು, ಹುಡುಕೋ ಕಷ್ಟಕ್ಕೆ ನಂದೊಂದು. ಅಪ್ಪ ಅಮ್ಮಂಗೆ ಬೇರೆ ಪ್ರೊಫೈಲ್ ಮಾಡಿ, ಯಾಕಂದ್ರೆ ರಾತ್ರಿ ಹನ್ನೆರಡಕ್ಕೆ ನೀವು ನೋಡೋ ಕೊಲೆ ಕಥೆಗಳ ಲೆಕ್ಕದ ಮೇಲೇ ಆಪ್ ಸಂಜೆ ಅವ್ರಿಗೂ ಪೋಸ್ಟರ್ ತೋರ್ಸತ್ತೆ. ಪ್ಲೇ ಮಾಡ್ದಾಗ ಮೂಲೇಲಿ ಯು/ಎ 13+, 16+, ಎ ಅಂತ ಬಂದು ಪಕ್ಕದಲ್ಲೇ ಭಾಷೆ, ಹಿಂಸೆ, ಸೆಕ್ಸ್ ಏನೇನಿದೆ ಅಂತಾನೂ ಬರ್ದಿರತ್ತೆ, 2021ರ ಐಟಿ ರೂಲ್ಸ್ ಪ್ರಕಾರ ಅದನ್ನ ತೋರಿಸ್ಲೇಬೇಕು, ನಾವೇ ಸ್ಕಿಪ್ ಇಂಟ್ರೋ ಒತ್ತೋ ಅರ್ಜೆಂಟಲ್ಲಿ ನೋಡಲ್ಲ. ಯಾವ್ದು ಯಾವ ಆಪಲ್ಲಿದೆ ಅಂತ ಜಸ್ಟ್‌ವಾಚ್‌ನಲ್ಲಿ ಹೆಸರು ಹೊಡುದ್ರೆ ಬರತ್ತೆ. ನಾನಂತೂ ಮಧ್ಯಾಹ್ನ ಊಟದ ಬಿಡುವಲ್ಲಿ ಮೊಬೈಲಲ್ಲಿ ಹದಿನೈದು ನಿಮ್ಷ ನೋಡಿ ಪಾಸ್ ಮಾಡಿದ್ಮೇಲೇ ಹಾಲ್ ಟಿವಿಗೆ ಬಿಡೋದು, ಸೆನ್ಸಾರ್ ಬೋರ್ಡ್ ಥರ.

ಒಗ್ಗರಣೆ_ಡಬ್ಬಿ:
ಅಪ್‌ಡೇಟ್: ಗುಲ್ಲಕ್ ಮೊದಲ ಸೀಸನ್ ಮೂರೇ ದಿನಕ್ಕೆ ಮುಗೀತು. ಅಮ್ಮಂಗೆ ಹೆಸರು ನೆನಪಿರಲ್ಲ, "ಆ ಕೆಇಬಿಯೋರ ಮನೆ ಕಥೆ ಹಾಕು" ಅಂತಾಳೆ. ಅಪ್ಪ ಗೊರಕೆ ಬಿಟ್ಟು ಪ್ರತಿ ಡೈಲಾಗೂ ಕನ್ನಡದಲ್ಲಿ ಹೇಳೋಕೆ ಶುರು ಮಾಡಿದಾರೆ. ನಿನ್ನೆ ಅಮ್ಮ ತಿರುಗಿ, "ನಂಗೆ ಅರ್ಥ ಆಗ್ತಿದೆ, ಸ್ವಲ್ಪ ಸುಮ್ನಿರಿ, ಅವ್ರೇನಂದ್ರು ಅಂತ ಕೇಳ್ಸೋದೇ ಇಲ್ಲ."