ಅರ್ಧಂಬರ್ಧ ಪೆಟ್ರೋಲ್ ಹಾಕಿಸುವವರು ಮೈಲೇಜ್ ಲೆಕ್ಕ ಇಡುವುದು ಹೇಗೆ?

ಪ್ರಶ್ನೆ: ಬದಿಯಡ್ಕದಿಂದ

ನಮ್ಮದು ಏಳು ವರ್ಷ ಹಳೆಯ ಪೆಟ್ರೋಲ್ ವ್ಯಾಗನ್ ಆರ್. ವಾರಕ್ಕೊಮ್ಮೆ ಪೆರ್ಲ, ಸಾರಡ್ಕ ದಾಟಿ ಪುತ್ತೂರಿಗೆ ಹೋಗುತ್ತೇನೆ. ಉಳಿದ ಓಡಾಟವೆಲ್ಲ ಕುಂಬಳೆ, ಕಾಸರಗೋಡು. ಗಡಿಯಾಚೆ ದರ ಕಡಿಮೆ ಎಂದು ವಿಟ್ಲದಲ್ಲಿ ಸಾವಿರ, ಒಂದೂವರೆ ಸಾವಿರ ರೂಪಾಯಿಗೆ ಹಾಕಿಸುತ್ತೇನೆ. ನಡುವೆ ಮುಗಿದರೆ ಊರಿನಲ್ಲಿ ಐನೂರಕ್ಕೆ. ಹಿಂದಿನ ಸಲದಿಂದ ಓಡಿದ ದೂರವನ್ನು ಈ ಸಲ ಹಾಕಿಸಿದ ಲೀಟರಿನಿಂದ ಭಾಗಿಸಿ ಡೈರಿಯಲ್ಲಿ ಬರೆಯುತ್ತೇನೆ. ಕಳೆದ ತಿಂಗಳು ಒಮ್ಮೆ 12.5 ಬಂತು, ಮುಂದಿನ ವಾರ 23.7. ಮೀಟರಿನ ಪರದೆ 19.4 ಎನ್ನುತ್ತದೆ. ಎಂಜಿನ್ ಕೆಟ್ಟಿತೇನೋ ಎಂದು ಹೆದರಿ ಸ್ಪಾರ್ಕ್ ಪ್ಲಗ್ ಬದಲಾಯಿಸಿದ್ದೂ ಆಯಿತು. ಯಾವುದನ್ನು ನಂಬಲಿ?

ಉತ್ತರ: ನೀರ್ಚಾಲಿನಿಂದ, ನಿವೃತ್ತ ಗಣಿತ ಅಧ್ಯಾಪಕ

ಮೂರನ್ನೂ ನಂಬಬೇಡಿ. ಸಾವಿರ ರೂಪಾಯಿಗೆ ಹಾಕಿಸಿದ ಪೆಟ್ರೋಲಿಗೂ ಅದಕ್ಕೆ ಮೊದಲು ಓಡಿದ ದೂರಕ್ಕೂ ಸಂಬಂಧವೇ ಇಲ್ಲ. ನೀವು ಎಷ್ಟು ಸುಟ್ಟಿರೆಂದು ತಿಳಿಯುವುದು ಟ್ಯಾಂಕ್ ಮೊದಲಿನ ಮಟ್ಟಕ್ಕೆ ಮರಳಿ ಬಂದಾಗ ಮಾತ್ರ. ನಮಗೆ ಗುರುತಿಸಲು ಸಾಧ್ಯವಿರುವ ಮಟ್ಟ ಒಂದೇ, ಫುಲ್ ಟ್ಯಾಂಕ್.

ಒಮ್ಮೆ ಫುಲ್ ಮಾಡಿಸಿ, ಓಡೋಮೀಟರ್ ಬರೆದುಕೊಳ್ಳಿ. ಆ ದಿನ ಹಾಕಿಸಿದ ಲೀಟರ್ ಲೆಕ್ಕಕ್ಕೆ ಸೇರುವುದಿಲ್ಲ. ಇಲ್ಲಿ ತಪ್ಪುವವರೇ ಹೆಚ್ಚು. ಆಮೇಲೆ ಐನೂರಕ್ಕಾದರೂ ಸಾವಿರಕ್ಕಾದರೂ ಹಾಕಿಸಿ, ಲೀಟರ್ ಮಾತ್ರ ಬರೆಯಿರಿ, ಭಾಗಿಸಬೇಡಿ. ಮತ್ತೊಮ್ಮೆ ಫುಲ್ ಆದ ದಿನ ಎಲ್ಲವನ್ನೂ ಕೂಡಿಸಿ. ನಡುವೆ 10.2 ಮತ್ತು 9.6, ಕೊನೆಗೆ ಫುಲ್ ಮಾಡುವಾಗ 14.7 ಎಂದಿಟ್ಟುಕೊಳ್ಳಿ: ಒಟ್ಟು 34.5 ಲೀಟರ್. ಓಡಿದ್ದು 594 ಕಿಲೋಮೀಟರ್ ಆದರೆ ಮೈಲೇಜ್ 17.2.

ನಾಝಲ್ ಟಕ್ ಎಂದು ತಾನಾಗಿ ನಿಂತ ಕೂಡಲೇ ಸಾಕು ಎನ್ನಿ. ನಮ್ಮ ಗುಡ್ಡದ ಊರಿನಲ್ಲಿ ಪಂಪಿನ ಅಂಗಳವೂ ಇಳಿಜಾರೇ, ಕಾರು ವಾಲಿ ನಿಂತರೆ ಆ ಟಕ್ ಬೇಗ ಬಂದುಬಿಡಬಹುದು. ಆದಷ್ಟು ಅದೇ ಪಂಪ್, ಅದೇ ನಾಝಲ್ ಹಿಡಿಯಿರಿ. ಕತ್ತಿನವರೆಗೆ ತುಂಬಿಸಬೇಡಿ, ಆವಿ ಹಿಡಿಯುವ ಇದ್ದಲಿನ ಡಬ್ಬಿಗೆ ಪೆಟ್ರೋಲ್ ನುಗ್ಗಿದರೆ ಅದು ಹಾಳಾಗುತ್ತದೆ.

ಇಷ್ಟಾದರೂ ಒಂದು ಸಲ ಅರ್ಧ ಲೀಟರ್ ಹೆಚ್ಚು ಕಡಿಮೆ ಆದೀತು. ಅದಕ್ಕೇ ನಾನು ಬಿಡಿ ಟ್ಯಾಂಕಿನ ಅಂಕಿಗೆ ಬೆಲೆ ಕೊಡುವುದಿಲ್ಲ. ಈ ಸಲ ಕಡಿಮೆ ತುಂಬಿದ್ದು ಮುಂದಿನ ಸಲ ಹೆಚ್ಚಾಗಿ ಬಂದು ಸರಿಹೋಗುತ್ತದೆ; ಇಪ್ಪತ್ತು ಸಲ ತುಂಬಿಸಿದ ಮೇಲೂ ಉಳಿಯುವುದು ಮೊದಲ ಮತ್ತು ಕೊನೆಯ ಸಲದ ತಪ್ಪು ಮಾತ್ರ. ಆದರೆ ಒಟ್ಟು ದೂರವನ್ನು ಒಟ್ಟು ಲೀಟರಿನಿಂದಲೇ ಭಾಗಿಸಬೇಕು. ಮೈಲೇಜುಗಳ ಸರಾಸರಿ ತೆಗೆಯಬಾರದು. 300 ಕಿಲೋಮೀಟರ್ 12ರಂತೆ, ಇನ್ನೊಂದು 300 ಕಿಲೋಮೀಟರ್ 20ರಂತೆ ಓಡಿದರೆ 40 ಲೀಟರ್ ಬೇಕು. ಮೈಲೇಜ್ 15, 16 ಅಲ್ಲ.

ರಸೀದಿ ಇಟ್ಟುಕೊಂಡು ಆಮೇಲೆ ಬರೆದರಾಯಿತು ಎಂದುಕೊಳ್ಳಬೇಡಿ. ಡ್ಯಾಶ್‌ಬೋರ್ಡಿನ ಬಿಸಿಲಿಗೆ ಅದರ ಅಕ್ಷರವೆಲ್ಲ ಮಾಸಿ ಬಿಳಿ ಚೀಟಿ ಉಳಿಯುತ್ತದೆ. ನನ್ನ ಎರಡು ತಿಂಗಳ ಲೆಕ್ಕ ಹಾಗೆಯೇ ಹೋಯಿತು. ಈಗ ಅಡಿಕೆ ತೂಕದ ಪುಸ್ತಕದ ಹಿಂದಿನ ಪುಟಗಳೇ ಕಾರಿಗೆ, ಪೆನ್ಸಿಲ್ ಅದರ ದಾರಕ್ಕೆ ಕಟ್ಟಿದೆ.

ಉತ್ತರ: ಉಪ್ಪಳದಿಂದ, ಟ್ಯಾಕ್ಸಿ ಚಾಲಕ

ಮಾಷ್ಟ್ರು ಹೇಳಿದ್ದು ಸರಿ. ಓಡೋಮೀಟರನ್ನೂ ಒಮ್ಮೆ ಪರೀಕ್ಷಿಸಿ. ಅದು ಎಣಿಸುವುದು ಚಕ್ರದ ಸುತ್ತುಗಳನ್ನು. ಟಯರ್ ಸವೆದು ಸಣ್ಣದಾದಂತೆ ಅಷ್ಟೇ ದೂರಕ್ಕೆ ಹೆಚ್ಚು ಸುತ್ತು, ಮೈಲೇಜ್ ಸುಮ್ಮನೆ ಏರಿದಂತೆ ಕಾಣುತ್ತದೆ. ಹೊಸ ಟಯರ್ ಹಾಕಿದ ತಿಂಗಳು ಇಳಿದಂತೆ ಕಂಡರೆ ಗಾಬರಿ ಬೇಡ. ನಾನು ತಲಪಾಡಿಯಿಂದ ಚೆರ್ಕಳದವರೆಗೆ ಮೊಬೈಲಿನ ಜಿಪಿಎಸ್ ಜೊತೆ ಹೋಲಿಸಿ ನೋಡಿದೆ. ನನ್ನ ಕಾರು ನೂರಕ್ಕೆ ಎರಡು ಹೆಚ್ಚು ತೋರಿಸುತ್ತಿತ್ತು.

ಉತ್ತರ: ಮುಳ್ಳೇರಿಯದಿಂದ

ಹಳೆಯ ವರ್ಷಗಳ ಅಂಕಿಯೊಡನೆ ಹೋಲಿಸುವಾಗ ಪೆಟ್ರೋಲಿಗೆ ಬೆರೆಸುವ ಎಥೆನಾಲನ್ನು ಮರೆಯಬೇಡಿ. ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ. ಶೇ. 10ರ ಮಿಶ್ರಣ ಶೇ. 20 ಆದಾಗ ನೂರಕ್ಕೆ ಮೂರರಷ್ಟು ಇಳಿದರೆ ಅದು ಕಾರಿನ ತಪ್ಪಲ್ಲ.

ಪ್ರಶ್ನೆ ಕೇಳಿದವರು

ಮಾಷ್ಟ್ರೇ, ರಾತ್ರಿ ಕುಳಿತು ಹಳೆಯ ಡೈರಿ ತಿರುವಿದೆ. ವಿಷುವಿನ ಮೊದಲು ಕೊಲ್ಲೂರಿಗೆ ಹೊರಡುವಾಗ ಫುಲ್ ಮಾಡಿಸಿದ್ದೆ, ಮತ್ತೆ ಫುಲ್ ಮಾಡಿಸಿದ್ದು ಮೇ ತಿಂಗಳ ಕೊನೆಗೆ. ನಡುವಿನದ್ದೆಲ್ಲ ಐನೂರು, ಸಾವಿರದ ಲೆಕ್ಕ. ಕೂಡಿಸಿದರೆ 1,412 ಕಿಲೋಮೀಟರ್, 80.6 ಲೀಟರ್. ಮೈಲೇಜ್ 17.5. ತೆಗೆದಿಟ್ಟ ಹಳೆಯ ಪ್ಲಗ್‌ಗಳು ಇನ್ನೂ ಡಿಕ್ಕಿಯಲ್ಲಿವೆ. ಅವುಗಳಿಂದಲೇ ಓಡಿದ ಲೆಕ್ಕ ಇದು. ನಾಳೆ ವಿಟ್ಲದಲ್ಲಿ ಫುಲ್ ಮಾಡಿಸಿ ಹೊಸ ಪ್ಲಗ್‌ಗಳ ಲೆಕ್ಕ ಶುರು ಮಾಡುತ್ತೇನೆ.